ಪೊಡಿಯಬ್ಬ ಕಂಡ ರೋಮ್

ಪಕ್ಕದ ಮನೆಯ ದಂಪತಿ ಹನ್ನೊಂದು ದಿನಗಳಲ್ಲಿ ಏಳು ದೇಶಗಳನ್ನು ಮುಗಿಸಿಕೊಂಡು ಬಂದಿದ್ದಾರೆ. ಮೊನ್ನೆ ಫ್ರಿಜ್ಜಿಗೆ ಅಂಟಿಸುವ ಪುಟಾಣಿ ಕೊಲೋಸಿಯಂ ಒಂದನ್ನು ನನ್ನ ಕೈಗಿಟ್ಟು, ‘ರೋಮಿನಲ್ಲಿ ನೋಡಬೇಕಾದ್ದೆಲ್ಲ ನೋಡಿಬಿಟ್ಟೆವು’ ಎಂದರು. ಎಷ್ಟು ಹೊತ್ತಿನಲ್ಲಿ ಎಂದು ಕೇಳಿದೆ. ಊಟವೂ ಸೇರಿ ಆರು ಗಂಟೆಯಂತೆ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಆದರೆ ಆ ಕೊಲೋಸಿಯಂ ನೋಡಿ ನನಗೆ ಪೊಡಿಯಬ್ಬ ನೆನಪಾದ, ನಾಚಿಕೆಯಾಯಿತು.

ಎಂಬತ್ತರ ದಶಕದಲ್ಲಿ ನಾನು ಕೊಲ್ಲಿ ನಾಡಿನ ಅಲ್ ಅಹ್ಸಾದಲ್ಲಿ ಸಿಮೆಂಟ್ ಅಂಗಡಿಯೊಂದರ ಗುಮಾಸ್ತ. ಉಡುಪಿಯಲ್ಲಿ ಚರಿತ್ರೆ ಓದಿ ಬಿ.ಎ. ಮಾಡಿದ್ದೆ. ರೋಮಿನ ಚಕ್ರವರ್ತಿಗಳ ಹೆಸರುಗಳನ್ನು ಸಾಲಾಗಿ ಹೇಳಬಲ್ಲೆ. ಅದರಿಂದ ಸಿಮೆಂಟ್ ಚೀಲಗಳಿಗೆ ಏನೂ ಉಪಯೋಗವಿರಲಿಲ್ಲ. ಕೋಣೆಯ ಗೆಳೆಯರಿಗೂ ಇರಲಿಲ್ಲವೆನ್ನಿ. ಶುಕ್ರವಾರ ಊಟವಾದ ಮೇಲೆ ಅವರಿಗೆ ನಿದ್ದೆ ಬರುವವರೆಗೆ ರೋಮಿನ ಕಥೆ ಹೇಳುತ್ತಿದ್ದೆ. ಬೇಗ ಬರುತ್ತಿತ್ತು.

ನನ್ನ ಪಕ್ಕದ ಮಂಚದವನು ಪೊಡಿಯಬ್ಬ, ಉಳ್ಳಾಲದ ಕಡೆಯವನು. ನಮ್ಮನ್ನು ಕರೆಸಿಕೊಂಡ ಯಜಮಾನ, ಅಂದರೆ ಕಫೀಲ್, ಆತನ ಮನೆಯ ಅಡುಗೆಯವ. ಒಂದು ಬೇಸಿಗೆಯಲ್ಲಿ ಕಫೀಲ್ ಹೆಂಡತಿ ಮತ್ತು ಏಳು ಮಕ್ಕಳೊಂದಿಗೆ ತಿಂಗಳ ಮಟ್ಟಿಗೆ ರೋಮಿಗೆ ಹೊರಟ. ಅಲ್ಲಿನ ಊಟ ಮಕ್ಕಳಿಗೆ ಸೇರುವುದಿಲ್ಲವೆಂದು ಪೊಡಿಯಬ್ಬನನ್ನೂ ಹೊರಡಿಸಿದ. ನನಗೆ ಮೈಯೆಲ್ಲ ಉರಿಯಿತು. ಚಕ್ರವರ್ತಿಗಳನ್ನು ಬಲ್ಲವನು ಸಿಮೆಂಟಿನ ಧೂಳಿನಲ್ಲಿ, ಈರುಳ್ಳಿ ಕೊಚ್ಚುವವನು ರೋಮಿನಲ್ಲಿ!

ಉರಿಯನ್ನು ಮುಚ್ಚಿಕೊಳ್ಳಲು ದೊಡ್ಡ ಮನುಷ್ಯನಾದೆ. ನೋಡಲೇಬೇಕಾದ ಹತ್ತು ಸ್ಥಳಗಳ ಪಟ್ಟಿಯನ್ನು ಅವನಿಗೆ ಇಂಗ್ಲಿಷಿನಲ್ಲಿ ಟೈಪು ಮಾಡಿಕೊಟ್ಟೆ. ಪೊಡಿಯಬ್ಬ ಕನ್ನಡವನ್ನೇ ಅಕ್ಷರ ಕೂಡಿಸಿ ಓದುವವನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವನು ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ.

ಅವನು ಮರಳಿದ ಮೇಲಿನ ಶುಕ್ರವಾರ ಎಲ್ಲರೂ ಸುತ್ತ ಕುಳಿತರು. ನಾನು ಪಟ್ಟಿಯ ನಕಲು ಹಿಡಿದು ಕೆಳಗಿನಿಂದ ಮೇಲಕ್ಕೆ ಪರೀಕ್ಷೆ ಶುರುಮಾಡಿದೆ. ದೊಡ್ಡ ಕಾರಂಜಿ? ನೋಡಿಲ್ಲ. ಪೋಪರ ಇಗರ್ಜಿ? ನೋಡಿಲ್ಲ.

‘ಎಂತ ನೋಡುವುದು ಮಾರಾಯರೇ? ಏಳು ಮಕ್ಕಳಿಗೆ ಮೂರು ಹೊತ್ತು ಬೇಯಿಸಬೇಕು. ಮೀನು ಮಾರ್ಕೆಟಿಗೆ ಮಾತ್ರ ಹೋಗಿದ್ದೆ. ಅಲ್ಲಿ ನಮ್ಮ ಬೂತಾಯಿ ಮೀನು ಉಂಟು!’

ಮಲಗಿದ್ದವರೂ ಎದ್ದು ಕುಳಿತರು. ತಾಜಾ ಉಂಟಾ? ನಮ್ಮದರಷ್ಟು ದಪ್ಪವಾ? ಅವರು ಅದರ ಪುಳಿಮುಂಚಿ ಸಾರು ಮಾಡ್ತಾರಾ? ಎರಡೂವರೆ ಸಾವಿರ ವರ್ಷ ದಾಟಿದ ನಗರ ಅರ್ಧ ಗಂಟೆ ಬೂತಾಯಿ ಬುಟ್ಟಿಯ ಹಿಂದೆ ಕಾದು ನಿಂತಿತು.

ಆಮೇಲೆ ಪೊಡಿಯಬ್ಬ ನನ್ನ ಕಡೆ ತಿರುಗಿದ. ‘ಅಡುಗೆಮನೆಯ ಕಿಟಕಿಯಲ್ಲಿ ಒಂದು ಕಟ್ಟಡ ಕಾಣ್ತಿತ್ತು. ಉರುಟು, ಮೈತುಂಬಾ ಬಾಗಿಲು, ಒಂದು ಬದಿ ಬಿದ್ದುಹೋಗಿದೆ. ಕಂತ್ರಾಟಿನವ ಅರ್ಧಕ್ಕೇ ಬಿಟ್ಟು ಓಡಿದ ಹಾಗೆ. ಪಾತ್ರೆ ತೊಳೆಯುವಾಗ ದಿನಾ ಅದನ್ನೇ ನೋಡುವುದು. ಅದು ಪಟ್ಟಿಯಲ್ಲಿ ಉಂಟಾ? ಎಂತ ನೋಡಿದ್ದು ಅಂತ ಮಗಳು ಕೇಳ್ತಾಳೆ.’

ಪಟ್ಟಿಯಲ್ಲಿ ಅದೇ ಮೊದಲನೆಯದು. ನಾನು ಓದಿ ಓದಿ ಹಂಬಲಿಸಿದ್ದನ್ನು ಇವನು ತಿಂಗಳಿಡೀ ಬಾಣಲೆ ತಿಕ್ಕುತ್ತ ನೋಡಿದ್ದ. ಹೌದೆನ್ನಲೆಂದೇ ಬಾಯಿ ತೆರೆದೆ. ಆದರೆ ‘ಇಲ್ಲ, ಅದು ಯಾವುದೋ ಹಳೇ ಗೋದಾಮು’ ಎಂಬ ಮಾತು ಹೊರಬಂತು. ಪೊಡಿಯಬ್ಬ ‘ಓ’ ಎಂದು ಚಹಾ ಮಾಡಲು ಎದ್ದುಹೋದ.

ಆ ಮಾತನ್ನು ಯಾವತ್ತೂ ತಿದ್ದಲಿಲ್ಲ. ನೀವಾಗಿದ್ದರೆ ಮರುದಿನವೇ ತಿದ್ದುತ್ತಿದ್ದಿರಿ; ನಿಮ್ಮ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿದೆ.

ಮೊನ್ನೆ ನೆರೆಯವರು ಹೋದ ಮೇಲೆ ಪೊಡಿಯಬ್ಬನಿಗೆ ಫೋನು ಮಾಡಿದೆ. ಉಳ್ಳಾಲದಲ್ಲಿ ಮೊಮ್ಮಕ್ಕಳೊಂದಿಗೆ ಇದ್ದಾನೆ. ಪೀಠಿಕೆಯಿಲ್ಲದೆ ಹೇಳಿಬಿಟ್ಟೆ: ಅದು ಗೋದಾಮಲ್ಲ, ಕೊಲೋಸಿಯಂ; ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ.

ಆ ಕಡೆಯಿಂದ ನಗು ಕೇಳಿಸಿತು. ‘ಗೋದಾಮು ನೋಡಲಿಕ್ಕೆ ದಿನಾ ಅಷ್ಟು ಬಸ್ಸು ಬರ್ತದಾ ಮಾರಾಯರೇ? ದೊಡ್ಡ ಜಾಗ ಅಂತ ನನಗೆ ಅಲ್ಲೇ ಗೊತ್ತಾಗಿತ್ತು. ಮಗಳಿಗೂ ಹೇಳಿದ್ದೇನೆ.’

‘ಮತ್ತೆ ನನ್ನನ್ನು ಯಾಕೆ ಕೇಳಿದೆ?’

‘ಅದನ್ನು ಯಾರು ಕಟ್ಟಿಸಿದ್ದು, ಯಾಕೆ ಬಿದ್ದದ್ದು, ಅಲ್ಲಿ ನನಗೆ ಹೇಳುವವರು ಯಾರಿದ್ರು? ನಿಮ್ಮ ಹತ್ರ ಕೇಳುವ ಅಂತ ತಿಂಗಳಿಡೀ ಇಟ್ಟುಕೊಂಡಿದ್ದೆ.’ ಮತ್ತೆ ತಾನೇ, ‘ಈಗ ಹೇಳಿ, ನನಗೆ ಪುರುಸೊತ್ತು ಉಂಟು’ ಎಂದ.

ಜೀವನದಲ್ಲಿ ಸಿಕ್ಕ ಒಬ್ಬನೇ ವಿದ್ಯಾರ್ಥಿಯನ್ನು ಇಷ್ಟು ವರ್ಷ ಕಾಯಿಸಿದ ಮೇಷ್ಟ್ರು ನಾನು. ನೆರೆಯವರು ಕೊಟ್ಟ ಪುಟಾಣಿ ಕೊಲೋಸಿಯಂ ಕೈಗೆತ್ತಿಕೊಳ್ಳಲು ಎದ್ದೆ. ‘ಒಂದು ನಿಮಿಷ ತಾಳು’ ಎಂದೆ.