ಕಾಕನ ಬಾವಿಯ ಒಂದು ಬಾಟ್ಲಿ ನೀರು

ಮೊನ್ನೆ ದೋಹಾದ ಅಲ್ ಸದ್ದ್‌ನ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಯ ಕಪಾಟು ಖಾಲಿ ಮಾಡುವಾಗ ಕುಚ್ಚಲಕ್ಕಿ ಡಬ್ಬದ ಹಿಂದೆ ಒಂದು ನೀರಿನ ಬಾಟ್ಲಿ ಸಿಕ್ಕಿತು. ಮುಚ್ಚಳಕ್ಕೆ ಹಸಿರು ದಾರ ಸುತ್ತಿತ್ತು. ಹೆಂಡತಿ ಚೆಲ್ಲಲು ಹೊರಟಳು, ನಾನು ಕಸಿದುಕೊಂಡೆ. ಮುಚ್ಚಳ ಬಿಚ್ಚಿದರೆ ಪಾಚಿಯ, ಒದ್ದೆ ಕಲ್ಲಿನ ವಾಸನೆ... ನಜ್ಮಾ ಪೇಟೆಯ ಟೈಲರ್ ಕಾಕ ಎದುರಿಗೆ ಬಂದು ನಿಂತ ಹಾಗಾಯಿತು.

ಕಾಕ ನಮ್ಮ ಕರಾವಳಿಯ ಬ್ಯಾರಿ. ಹರೆಯದಲ್ಲಿ ನಾಡದೋಣಿಯಲ್ಲಿ ಮೀನು ಹಿಡಿದವರು, ಆಮೇಲೆ ಮೂವತ್ತು ವರ್ಷ ನಜ್ಮಾದ ಗಲ್ಲಿಯೊಂದರಲ್ಲಿ ಪ್ಯಾಂಟು ಹೊಲಿದವರು. ನನ್ನ ಮನೆಯಲ್ಲಿ ಕೊಂಕಣಿ, ಅವರ ಮನೆಯಲ್ಲಿ ಬ್ಯಾರಿ. ನಮ್ಮಿಬ್ಬರ ನಡುವೆ ಕನ್ನಡ. ನನ್ನ ಹೊಟ್ಟೆ ಬೆಳೆದದ್ದು ನನಗಿಂತ ಮೊದಲು ಅವರ ಟೇಪಿಗೆ ಗೊತ್ತಾಗುತ್ತಿತ್ತು. "ಆಫೀಸಿನಲ್ಲಿ ಕೆಲಸ ಉಂಟಾ, ಬರೀ ತಿನ್ನುವುದಾ ಮಾರಾಯ್ರೆ?" ಎಂದು ಕೆಣಕುತ್ತಿದ್ದರು.

ಅವರ ಮನೆ ಹೊಳೆಗೂ ಕಡಲಿಗೂ ನಡುವಿನ ಮರಳು ದಿಣ್ಣೆಯ ಮೇಲೆ. ಅಂಥ ಜಾಗದಲ್ಲಿ ಅವರ ಅಜ್ಜ ತೋಡಿದ ಬಾವಿಯಲ್ಲಿ ಸಿಹಿನೀರು. ಆರು ಮನೆಗಳಿಗೆ ಅದೇ ಬಾವಿ. ಒಳಗೋಡೆಯಲ್ಲಿ ಅಜ್ಜ ಒಂದು ಕರಿಕಲ್ಲು ಕೂರಿಸಿದ್ದರಂತೆ. ಬೇಸಿಗೆಯಲ್ಲಿ ನೀರಿಳಿದು ಆ ಕಲ್ಲು ಕಂಡರೆ, ಮಳೆ ಬೀಳುವವರೆಗೆ ಪಂಪು ಬಂದ್. ಹಗ್ಗ, ಕೊಡಪಾನ ಅಷ್ಟೇ. ಅದಕ್ಕಿಂತ ಹೆಚ್ಚು ಎಳೆದರೆ ಕಡಲು ಒಳಗೆ ಬರುತ್ತದೆ ಎಂದು ಅಜ್ಜನ ಮಾತು.

ಆ ಕಡೆಯವರು ಯಾರೇ ರಜೆ ಮುಗಿಸಿ ಬಂದರೂ ಕಾಕನಿಗೆ ಆ ಬಾವಿಯ ಒಂದು ಬಾಟ್ಲಿ ನೀರು ತರಬೇಕಿತ್ತು. ಶುಕ್ರವಾರ ನಮಾಜು ಮುಗಿಸಿ ಬಂದು, ಹೊಲಿಗೆ ಮೆಷಿನ್ನಿನ ಮೇಲೆ ಚಾಯದ ಗ್ಲಾಸುಗಳನ್ನಿಟ್ಟು ಗುಟುಕು ಗುಟುಕಾಗಿ ಎಲ್ಲರಿಗೂ ಹಂಚುತ್ತಿದ್ದರು. "ಇಲ್ಲಿ ಕಡಲನ್ನೇ ಮೆಷಿನ್ನಿಗೆ ಹಾಕಿ ಉಪ್ಪು ತೆಗೆದು ಕುಡೀತೇವೆ. ನಮ್ಮಲ್ಲಿ ಕಡಲಿನ ಪಕ್ಕ ಕೂತು ಸಕ್ಕರೆಯಂಥ ನೀರು!"

ಆಮೇಲೆ ಆ ಕಡಲತೀರ ಮೊಬೈಲುಗಳಲ್ಲಿ ಹರಿದಾಡತೊಡಗಿತು. ವಾರದ ಕೊನೆಗೆ ಕಾರುಗಳ ಸಾಲು, ಮರಳಿನ ತುಂಬ ಬಾಟ್ಲಿ ಚೂರು. ಕಾಕನೂ ತೆಂಗಿನ ಹಿತ್ತಿಲಲ್ಲಿ ಪ್ರವಾಸಿಗರಿಗೆಂದು ನಾಲ್ಕು ರೂಮು ಕಟ್ಟಿಸಿದರು. "ಎರಡು ವರ್ಷ ನಡೆದರೆ ಸಾಕು. ಮತ್ತೆ ಇಲ್ಲಿ ಖಲಾಸ್, ಊರಿಗೆ" ಎನ್ನುತ್ತಿದ್ದರು. ಅವರಿಗೆ ಬೇಕಿದ್ದದ್ದು ಮನೆಗೆ ಮರಳುವುದು, ಬೇರೇನಲ್ಲ. ನಾನು ಆಫೀಸಿನಲ್ಲಿ ಡಂಗುರ ಹೊಡೆದೆ. ಆ ಮೇ ಕೊನೆಗೆ ನನ್ನ ಮಾತು ಕೇಳಿ ನಾಲ್ಕು ಕುಟುಂಬಗಳು ಎರಡು ವಾರಕ್ಕೆಂದು ಅಲ್ಲಿಗೆ ಹೋದವು.

ಅವರು ಹೋದ ಮೂರನೇ ದಿನ ನಾನು ಪ್ಯಾಂಟು ತರಲು ಅಂಗಡಿಯಲ್ಲಿದ್ದೆ. ಕಾಕನ ಹೆಂಡತಿ ಫೋನು ಮಾಡಿದರು. ಕರಿಕಲ್ಲು ಕಾಣುತ್ತಿದೆ, ಪಂಪು ನಿಲ್ಲಿಸಲೇ ಎಂದು ಕೇಳುತ್ತಿದ್ದರು. ಕಾಕ ನನ್ನ ಮುಖ ನೋಡಿದರು. "ನಿಮ್ಮ ಆಫೀಸಿನವರು ಇದ್ದಾರೆ. ನೀರಿಲ್ಲ ಅಂದರೆ ನಿಮ್ಮ ಮರ್ಯಾದೆ ಏನಾಗಬೇಕು?"

ಆ ವರ್ಷ ಪೆಸಿಫಿಕ್ ಸಾಗರ ಬಿಸಿಯಾಗಿದೆ, ಕೆಲವು ವರ್ಷಗಳಿಗೊಮ್ಮೆ ಹೀಗಾಗುತ್ತದೆ, ಆಗ ನಮ್ಮ ಮುಂಗಾರು ಸೊರಗುವುದುಂಟು ಎಂದು ನಾನು ಓದಿದ್ದೆ. ಹೇಳಿದೆ ಕೂಡ. ಕಾಕ ನಕ್ಕರು. "ಆ ಕಡಲು ಎಲ್ಲಿ, ನಮ್ಮದು ಎಲ್ಲಿ! ಪತ್ತನಾಜೆ ಕಳೀತಲ್ಲ, ಇನ್ನು ಹದಿನೈದು ದಿನದೊಳಗೆ ಮಳೆ. ದೋಣಿಯವನಿಗೆ ಹೇಳಿಕೊಡ್ತೀರಾ?" ಬೇಸಿಗೆಯ ಯಕ್ಷಗಾನದ ಆಟ, ಭೂತಕೋಲಗಳೆಲ್ಲ ಮುಗಿಯುವ ಪತ್ತನಾಜೆಯ ದಿನದಿಂದ ಮಳೆ ಎಣಿಸುವುದು ನಮ್ಮ ಕಡೆಯ ಹಳೇ ಲೆಕ್ಕ. ಪಂಪು ನಿಲ್ಲಿಸಿ ಎಂದು ನಾನು ಇನ್ನೊಂದು ಮಾತು ಆಡಬಹುದಿತ್ತು. ಆಡಲಿಲ್ಲ, ಯಾಕೆಂದರೆ ಆ ರೂಮುಗಳಲ್ಲಿ ಇದ್ದವರಲ್ಲಿ ನನ್ನ ಮ್ಯಾನೇಜರನೂ ಒಬ್ಬ. ಕಾಕ ಫೋನಿನಲ್ಲಿ "ಪಂಪು ಓಡಲಿ" ಎಂದರು.

ಹದಿನೈದು ದಿನವಲ್ಲ, ತಿಂಗಳಾದರೂ ಮಳೆ ಬರಲಿಲ್ಲ. ಬಂದದ್ದೂ ಅಂಗಳ ನೆನೆಸಿ ಹೋಯಿತು.

ಜುಲೈಯಲ್ಲಿ ನಾನು ಊರಿಗೆ ಹೋದಾಗ ಕಾಕನ ಹೆಂಡತಿ "ಅವರಿಗೆ ಫೋನಿನಲ್ಲಿ ಏನೂ ಹೇಳಿಲ್ಲ" ಎಂದು ಬಾಟ್ಲಿ ತುಂಬಿಸಿ, ಗುರುತಿಗೆ ಹಸಿರು ದಾರ ಕಟ್ಟಿ ಕೊಟ್ಟರು. ದಾರಿಯಲ್ಲಿ ಒಂದು ಗುಟುಕು ಕುಡಿದೆ. ಉಪ್ಪು. ದೋಹಾಕ್ಕೆ ಬಂದು ಅದನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟು, ಮರೆತೆ ಎಂದು ಕಾಕನಿಗೆ ಸುಳ್ಳು ಹೇಳಿದೆ. ಆ ರಜೆಯಲ್ಲಿ ಹೋಗಿ ಬಂದವರು ನಾವು ಐವರು. ಐವರೂ ಮರೆತೆವು ಎಂದೆವು.

ಐದನೆಯವನ ಮಾತು ಕೇಳಿ ಕಾಕ ಗ್ಲಾಸುಗಳನ್ನು ಒಳಗಿಟ್ಟರು. "ಒಬ್ಬ ಮರೆತರೆ ಮರೆವು. ಐದು ಜನ ಮರೀತಾರಾ?" ಎಂದರು.

ಎರಡು ತಿಂಗಳಲ್ಲಿ ಅಂಗಡಿ ಬಿಟ್ಟು ಊರಿಗೆ ಹೋದರು. ತಮ್ಮ ರೂಮುಗಳಿಗೆ ಬೀಗ ಹಾಕಿದರು, ಬಾವಿಯ ಕೆಸರು ತೆಗೆಸಿದರು. ಮರುವರ್ಷ ಮಳೆ ಚೆನ್ನಾಗಿಯೇ ಬಂತು. ಆದರೆ ಅಷ್ಟರಲ್ಲಿ ಅಕ್ಕಪಕ್ಕದ ಹಿತ್ತಿಲುಗಳಲ್ಲಿ ರೂಮುಗಳೆದ್ದು, ಬೋರುಗಳು ಹಗಲೂ ರಾತ್ರಿ ನೀರೆಳೆಯುತ್ತಿದ್ದವು. ಬಾವಿ ಸಿಹಿಯಾಗಲಿಲ್ಲ. ಆರು ಮನೆಯವರು ಟ್ಯಾಂಕರಿಗೆ ಕಾಯುತ್ತಿದ್ದರು, ಪ್ರವಾಸಿಗರ ಕಾರು ಸರಿಯುವವರೆಗೆ ಟ್ಯಾಂಕರೂ ರಸ್ತೆಯಲ್ಲಿ ಕಾಯುತ್ತಿತ್ತು. ಸಾಲಿನಲ್ಲಿ ಕಾಕನನ್ನು ಯಾರೂ ಬೈಯುತ್ತಿರಲಿಲ್ಲವಂತೆ. ಮಾತೇ ಆಡುತ್ತಿರಲಿಲ್ಲವಂತೆ.

ಕೊನೆಯ ಸಲ ಫೋನಿನಲ್ಲಿ ಕಾಕ ಹೇಳಿದ್ದು ಇಷ್ಟು: "ಬರುವಾಗ ಖತಾರಿನಿಂದ ಒಂದು ಬಾಟ್ಲಿ ನೀರು ತನ್ನಿ ಮಾರಾಯ್ರೆ." ತಮಾಷೆ ಎಂದುಕೊಂಡು ನಕ್ಕೆ.

ನಾನು ಹೋಗುವ ಮೊದಲೇ ಕಾಕ ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ ನನಗೆ ಅಂಗಡಿಯ ಬಾಟ್ಲಿಯ ಸೀಲು ಒಡೆದು ನೀರು ಕೊಟ್ಟರು. "ಅವರ ಬಾಯಿಗೆ ಕೊನೆಗೆ ಬಿಟ್ಟದ್ದೂ ಇದನ್ನೇ" ಎಂದರು. ಕುಡಿಯದೆ ಏಳುವಂತಿರಲಿಲ್ಲ, ಕುಡಿದೆ.

ಈ ವಾರ ಮತ್ತೆ ಪೆಸಿಫಿಕ್ ಸಾಗರ ಬಿಸಿಯಾಗುತ್ತಿದೆ ಎಂದು ಸುದ್ದಿಯಲ್ಲಿ ಓದಿದೆ. ನಿನ್ನೆ ಆಫೀಸಿನಲ್ಲಿ ಒಬ್ಬಾಕೆ, "ಸರ್, ನಿಮ್ಮ ಕಡೆಯ ಆ ಬೀಚು ತುಂಬಾ ಚಂದ ಅಂತೆ, ರೂಮಿನ ನಂಬರ್ ಉಂಟಾ?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ನನ್ನೆದುರೇ ಮೊಬೈಲು ತೆರೆದು ಬುಕ್ ಮಾಡಿಕೊಂಡಳು.