ಕಾರಿನಡಿಯ ಹಾಳೆ

ಆಗೆಲ್ಲ ಭದ್ರಾವತಿಯ ನಮ್ಮ ಬೀದಿಯಲ್ಲಿ ಬೆಳಗಾದರೆ ಪ್ರತಿ ಮನೆಯ ಮುಂದೂ ಒಂದೊಂದು ರಂಗೋಲಿ ಇರುತ್ತಿತ್ತು. ನಮ್ಮ ಮನೆಯ ಮುಂದೆ ಮಾತ್ರ ಎರಡು. ಒಂದು ಅಮ್ಮ ಹಾಕಿದ್ದು, ಇನ್ನೊಂದು ಕಾರು ಹಾಕಿದ್ದು.

ಅಪ್ಪ ಮಾಚೇನಹಳ್ಳಿಯ ಲೇತ್ ಶಾಪೊಂದರಲ್ಲಿ ಕೆಲಸ ಮಾಡುತ್ತಿದ್ದರು. ಶಿವಮೊಗ್ಗದ ಅಡಿಕೆ ವ್ಯಾಪಾರಿಯೊಬ್ಬರು ಸಾಕಿ ಸಾಕಿ ಬೇಸತ್ತಿದ್ದ ಹಳೇ ವಿದೇಶಿ ಕಾರನ್ನು ಕೊಂಡು ತಂದರು. ಮದುವೆ ಗಂಡುಗಳನ್ನು ಅದರಲ್ಲಿ ಛತ್ರಕ್ಕೆ ಕರೆದೊಯ್ದರೆ ಒಳ್ಳೆ ಬಾಡಿಗೆ ಬರುತ್ತದೆ ಎಂಬ ಲೆಕ್ಕಾಚಾರ. ಕಪ್ಪು ಬಣ್ಣ, ಉದ್ದನೆಯ ಮೂಗು, ಒಳಗೆ ಚರ್ಮದ ಸೀಟು. ಬಾಗಿಲು ತೆಗೆದರೆ ಹಳೇ ಪೆಟ್ಟಿಗೆ ತೆಗೆದಂಥ ವಾಸನೆ. ಬಟನ್ ಒತ್ತಿದರೆ ಕಿಟಕಿಯ ಗಾಜು ಇಳಿಯುತ್ತಿತ್ತು, ಆದರೆ ಮೇಲೇರುತ್ತಿರಲಿಲ್ಲ. ಎತ್ತಿ ಹಿಡಿದು ಮರದ ಚಕ್ಕೆ ಸಿಕ್ಕಿಸಬೇಕಾಗಿತ್ತು. ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ತೋರಿಸುವ ಮುಳ್ಳು ಯಾವಾಗಲೋ ಸತ್ತಿತ್ತು. ಯಾವ ಸಾಮಾನು ಬೇಕಾದರೂ ಬೆಂಗಳೂರಿನಿಂದಲೇ ಬರಬೇಕು. ಮನೆಗೆ ಬರಬೇಕಿದ್ದ ಫ್ರಿಜ್ಜು ನೀರಿನ ಪಂಪಾಗಿ ಬಂತು, ಯುಗಾದಿಯ ಬಟ್ಟೆ ಶಾಕ್ ಅಬ್ಸಾರ್ಬರ್ ಆಗಿ ಬಂತು. ಎದುರು ಮನೆಯವರು ದಿನಾ ಕೇಳುತ್ತಿದ್ದರು, "ಏನ್ರೀ, ನಿಮ್ಮ ಆನೆ ಇವತ್ತು ಏಳುತ್ತಾ?"

ಸಂಜೆ ಕಾರು ನಿಲ್ಲಿಸಿದ ಮೇಲೆ ಅಪ್ಪ ಎಂಜಿನ್ನಿನ ಕೆಳಗೆ ಒಂದು ದೊಡ್ಡ ಬಿಳಿ ಹಾಳೆ ಹಾಸುತ್ತಿದ್ದರು. ನಾಲ್ಕು ಮೂಲೆಗೂ ಕಲ್ಲು. ಬೆಳಿಗ್ಗೆ ಅದರ ಮೇಲೆ ಬಿದ್ದ ಕಲೆ ನೋಡಿ ಕಾರಿಗೆ ಏನಾಗಿದೆ ಎಂದು ಹೇಳಬೇಕು. ಕಪ್ಪಾದರೆ ಎಂಜಿನ್ ಎಣ್ಣೆ, ಕೆಂಪಾದರೆ ಸ್ಟೀರಿಂಗ್ ಎಣ್ಣೆ, ಹಸಿರಾದರೆ ಎಂಜಿನ್ ತಣಿಸುವ ನೀರು. ಬಣ್ಣವಿಲ್ಲದಿದ್ದರೆ ಏಸಿಯ ನೀರು, ಚಿಂತೆಯಿಲ್ಲ. ಹಾಳೆ ಓದುವ ಕೆಲಸ ಅಣ್ಣ ಲೋಕೇಶನದು. ಅವನಿಗೆ ಹದಿಮೂರು, ನನಗೆ ಹತ್ತು.

ಅಣ್ಣ ಕುಕ್ಕುರುಗಾಲಲ್ಲಿ ಕೂತು ಕಲೆಯನ್ನು ಬೆರಳಿಂದ ಮುಟ್ಟಿ, ಉಜ್ಜಿ, ಮೂಸಿ ನೋಡುತ್ತಿದ್ದ. ಅಪ್ಪ ಕಾಫಿ ಲೋಟ ಹಿಡಿದು ಡಾಕ್ಟರ ಮುಂದೆ ನಿಂತ ಹಾಗೆ ಕಾಯುತ್ತಿದ್ದರು. ಅವರು ನನಗಾಗಿ ಯಾವತ್ತೂ ಹಾಗೆ ಕಾದದ್ದಿಲ್ಲ. ಒಂದು ದಿನ ನಾನೇ ಮುಂಚೆ ಹೋಗಿ ಬೆರಳದ್ದಿ, "ಕೆಂಪಗಿದೆ ಅಪ್ಪ, ಸ್ಟೀರಿಂಗ್ ಎಣ್ಣೆ" ಎಂದೆ.

"ಕೈ ತೊಳ್ಕೊ ಹೋಗು ಶೋಭಿ, ಲಂಗಕ್ಕೆಲ್ಲ ಕಲೆ ಆಗುತ್ತೆ" ಎಂದರು ಅಪ್ಪ. ಆಮೇಲೆ ಅಣ್ಣನನ್ನು ಕರೆದರು. ಅವನೂ ಸ್ಟೀರಿಂಗ್ ಎಣ್ಣೆ ಎಂದೇ ಹೇಳಿದ. "ನೋಡಿದ್ಯೇನೇ, ನನ್ನ ಮಗ ಹೇಗೆ ಹೇಳ್ತಾನೆ" ಎಂದು ಅಮ್ಮನಿಗೆ ಕೂಗಿ ಹೇಳಿದರು. ಆ ಬೆಳಿಗ್ಗೆ ಬಚ್ಚಲಲ್ಲಿ ಕೈ ತೊಳೆಯುತ್ತ ನನ್ನ ಹೊಟ್ಟೆಯೊಳಗೆ ಹೊತ್ತಿಕೊಂಡದ್ದು ಬಹಳ ದಿನ ಆರಲಿಲ್ಲ.

ಆ ಬೇಸಿಗೆಯಲ್ಲಿ ಶಿವಮೊಗ್ಗದ ಛತ್ರವೊಂದಕ್ಕೆ ನಮ್ಮ ಬೀದಿಯ ಗಂಡನ್ನೇ ಕರೆದೊಯ್ಯಲು ಅಪ್ಪ ಒಪ್ಪಿಕೊಂಡರು. ಹಿಂದಿನ ಸಂಜೆ ಕಾರು ತೊಳೆದು, ನಾನೂ ಅಮ್ಮನೂ ಕಟ್ಟಿದ ಸೇವಂತಿಗೆ, ಕನಕಾಂಬರದ ಮಾಲೆಗಳನ್ನು ಬಾನೆಟ್ಟಿನ ಮೇಲೆ ಬಲೆಯ ಹಾಗೆ ಬಿಗಿದರು. ಬೆರಳೆಲ್ಲ ದಾರ ಕೊಯ್ದು ಉರಿಯುತ್ತಿತ್ತು. ನಾನೂ ಬರಲಾ ಎಂದು ಕೇಳಿದೆ. ಜಾಗ ಇಲ್ಲ, ಮುಂದಿನ ಸೀಟಲ್ಲಿ ಲೋಕಿ ಕೂರುತ್ತಾನೆ ಎಂದರು. ಅಣ್ಣ ಆಗಲೇ ಇಸ್ತ್ರಿ ಮಾಡಿದ ಅಂಗಿಯನ್ನು ಗೋಡೆಯ ಮೊಳೆಗೆ ನೇತುಹಾಕಿದ್ದ.

ಮರುದಿನ ಎಲ್ಲರಿಗಿಂತ ಮುಂಚೆ ಎದ್ದೆ. ಕಾರಿನಡಿ ಬಗ್ಗಿ ನೋಡಿದರೆ ಹಾಳೆಯ ಮುಕ್ಕಾಲು ಭಾಗ ಹಸಿರಾಗಿ ನೆನೆದಿತ್ತು. ಕೂಗಿ ಹೇಳಬಹುದಿತ್ತು. ಹೇಳಿದ್ದರೆ ಅಪ್ಪ ಹೊಗಳುತ್ತಿದ್ದರೋ ಏನೋ. ಆದರೆ ನನಗೆ ಬೇಕಾಗಿದ್ದದ್ದು ಹೊಗಳಿಕೆಯಲ್ಲ. ಅಣ್ಣ ಒಂದೇ ಒಂದು ಸಲ ತಪ್ಪಬೇಕಾಗಿತ್ತು.

ಕಲ್ಲು ತೆಗೆದು ಹಾಳೆ ಎಳೆದೆ. ಅಪ್ಪ ತಂದಿಟ್ಟಿದ್ದ ಹಾಳೆಯ ಕಟ್ಟಿನಿಂದ ಇನ್ನೊಂದು ಬಿಳಿ ಹಾಳೆ ತಂದು ಹಾಸಿ, ಅದೇ ಕಲ್ಲುಗಳನ್ನಿಟ್ಟೆ. ಸೋರಬೇಕಾದ್ದೆಲ್ಲ ಸೋರಿ ಮುಗಿದಿತ್ತೇನೋ, ಹೊಸ ಹಾಳೆ ಒದ್ದೆಯಾಗಲೇ ಇಲ್ಲ. ನೆನೆದ ಹಾಳೆಯನ್ನು ಮಡಚಿ ಬಚ್ಚಲ ಒಲೆಗೆ ತುರುಕಿದೆ. ಬೇಗ ಹತ್ತಿಕೊಳ್ಳದೆ ಬೆಲ್ಲ ಸೀದ ಹಾಗೆ ಸಿಹಿಯಾಗಿ ನಾರಿತು.

ಹೂವು ಬಿಗಿದ ಮೇಲೆ ಬಾನೆಟ್ ತೆಗೆಯುವ ಹಾಗಿರಲಿಲ್ಲ. ಅಪ್ಪ ಹಾಳೆಯನ್ನೇ ನಂಬಿದ್ದರು. "ಏನು ಹೇಳುತ್ತೋ?" ಎಂದು ಕೇಳಿದರು.

ಅಣ್ಣ ಬಗ್ಗಿ, ತಲೆ ಒಳಗೆ ಹಾಕಿ ನೋಡಿದ. "ಒಂದು ಹನೀನೂ ಇಲ್ಲಪ್ಪ."

ಮಲವಗೊಪ್ಪದ ಹತ್ತಿರ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತಂತೆ. ಹೂವೆಲ್ಲ ಬೆಂದು ಜೋತುಬಿತ್ತಂತೆ. ಬಾಸಿಂಗ ಕಟ್ಟಿದ ಮದುಮಗ ಪಂಚೆ ಎತ್ತಿ ಹಿಡಿದು, ಅಡಿಗೆ ಪಾತ್ರೆ ಸಾಗಿಸುತ್ತಿದ್ದ ಲಗೇಜ್ ಆಟೋ ಹತ್ತಿ ಛತ್ರ ಸೇರಿದ. ಮುಹೂರ್ತ ತಪ್ಪಲಿಲ್ಲ, ಆದರೆ ಬೀದಿಯವರು ಆ ಕಥೆ ಹೇಳಿಕೊಂಡು ವರ್ಷಗಟ್ಟಲೆ ನಕ್ಕರು. ಎಂಜಿನ್ನಿನ ತಲೆಭಾಗ ಕಾದು ಸೊಟ್ಟಗಾಗಿತ್ತು. ಅದನ್ನು ಸರಿ ಮಾಡಿಸುವುದಕ್ಕಿಂತ ಇನ್ನೊಂದು ಕಾರು ಕೊಳ್ಳುವುದೇ ಅಗ್ಗ ಎಂದರು ಮೆಕ್ಯಾನಿಕ್.

ಅಪ್ಪ ಅಣ್ಣನಿಗೆ ಹೊಡೆಯಲಿಲ್ಲ. "ನಿನ್ನ ಕಣ್ಣು ನಂಬಿ ಕೆಟ್ಟೆ. ಇನ್ನು ಕಾರಿನ ಹತ್ತಿರ ಬರಬೇಡ" ಎಂದರು, ಅಷ್ಟೇ. ಅಣ್ಣ ಮೊದಲ ದಿನ ಹನಿ ಇರಲಿಲ್ಲ ಎಂದು ದೇವರ ಮೇಲೆ ಆಣೆ ಮಾಡಿದ. ಎರಡನೇ ದಿನ ಆಣೆ ಮಾಡುವುದನ್ನು ಬಿಟ್ಟ. ಮೂರನೇ ದಿನ ಊಟಕ್ಕೆ ಕೂತಾಗ ತಟ್ಟೆ ನೋಡುತ್ತ, "ನಾನೇ ಸರಿಯಾಗಿ ನೋಡಿಲ್ಲ ಅನ್ಸುತ್ತೆ" ಎಂದ. ಆಗಲಾದರೂ ಹೇಳಬೇಕಾಗಿತ್ತು. ನಾನು ಹುಳಿ ಬಡಿಸಿಕೊಂಡೆ.

ಹಾಳೆ ಓದುವ ಕೆಲಸವನ್ನು ಅಪ್ಪ ನನಗೇ ಕೊಟ್ಟರು. ಎಳೆಸಿ ತಂದು ಮನೆ ಮುಂದೆ ನಿಲ್ಲಿಸಿದ್ದ ಕಾರನ್ನು ಹೇಗಾದರೂ ಮಾಡಿ ಮತ್ತೆ ಎಬ್ಬಿಸುವ ಆಸೆ ಅವರಿಗಿನ್ನೂ ಇತ್ತು. ದಿನಾ ಬೆಳಿಗ್ಗೆ ಬಗ್ಗಿ ನೋಡುತ್ತಿದ್ದೆ. ನಿಂತ ಕಾರಿನಿಂದ ಏನು ಸೋರೀತು? ಹಾಳೆ ಬಿಳಿಯಾಗಿಯೇ ಇರುತ್ತಿತ್ತು. ಮಳೆಗಾಲಕ್ಕೆ ಮುಂಚೆ ಗುಜರಿಯವರು ಬಂದು ಕಾರನ್ನು ಎಳೆದುಕೊಂಡು ಹೋದರು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ. ಅಣ್ಣ ಓದಿದ, ಆದರೆ ಎಂಜಿನ್ನಿನ ತಂಟೆಗೆ ಹೋಗಲಿಲ್ಲ. ಶಿವಮೊಗ್ಗದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಒಂದು ಸಲ ಅಳೆದ ಬಟ್ಟೆಯನ್ನು ಕತ್ತರಿಸುವ ಮುಂಚೆ ಎರಡು ಸಲ ಅಳೆಯುತ್ತಾನಂತೆ. ಬೀಗ ಹಾಕಿ ಅರ್ಧ ದಾರಿಯಿಂದ ವಾಪಸ್ ಹೋಗಿ ಎಳೆದು ನೋಡುತ್ತಾನೆ. ಅತ್ತಿಗೆ ಅದನ್ನು ಹೇಳಿಕೊಂಡು ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ಹೋದ ತಿಂಗಳು ಅಣ್ಣ ಒಂದು ಸಣ್ಣ ಸೆಕೆಂಡ್ ಹ್ಯಾಂಡ್ ಕಾರು ನೋಡಲು ನನ್ನನ್ನೂ ಕರೆದುಕೊಂಡು ಹೋದ. ಓಡಿಸಿ ತಂದು ನಿಲ್ಲಿಸಿದ ಮೇಲೆ ಕೆಳಗೆ ನಾಲ್ಕು ಹನಿ ಬಿದ್ದವು. ಅಣ್ಣ ಕುಕ್ಕುರುಗಾಲಲ್ಲಿ ಕೂತು ಬೆರಳಿಂದ ಮುಟ್ಟಿ, ಉಜ್ಜಿ, ಮೂಸಿದ. ಹದಿಮೂರರ ಹುಡುಗನೇ ಎದುರಿಗೆ ಕೂತ ಹಾಗಾಯಿತು.

"ಏಸಿ ನೀರು" ಎಂದ. ಮರುಕ್ಷಣವೇ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, "ನಂಗೇನ್ ಗೊತ್ತಾಗುತ್ತೆ ಮಾರಾಯ್ತಿ, ನನ್ನ ಕಣ್ಣು ನಂಬೋ ಹಾಗಿಲ್ಲ. ನೀನೊಂದ್ಸಲ ನೋಡು" ಎಂದ.

ಬಗ್ಗಿ ನೋಡಿದೆ. ಏಸಿಯ ನೀರೇ. "ಹೌದಣ್ಣ" ಎಂದೆ.

ಆ ಕಾರು ಹೋಯಿತು, ಅಪ್ಪನೂ ಹೋದರು, ಬೀದಿಗೆ ಕಾಂಕ್ರೀಟ್ ಬಿದ್ದು ಎಣ್ಣೆಯ ಕಲೆಗಳೂ ಮುಚ್ಚಿಹೋದವು. ಅವೆಲ್ಲ ಒಂದಲ್ಲ ಒಂದು ದಿನ ಹೋಗುವಂಥವೇ. ಆದರೆ ಕಾಫಿ ಹಿಡಿದು ನಿಂತ ಅಪ್ಪನಿಗೆ ತಲೆ ಎತ್ತಿ, ಇದು ಇಂಥದ್ದು ಎಂದು ಒಂದೇ ಮಾತಲ್ಲಿ ಹೇಳುತ್ತಿದ್ದ ಆ ಹುಡುಗ ತಾನಾಗಿ ಹೋದವನಲ್ಲ. ಅವನನ್ನು ಕಳೆದವಳು ನಾನು. ಬಾಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ, ಅಣ್ಣ ಓದಲಿ. ಅವನ ಕಣ್ಣು ಆ ದಿನವೂ ಸರಿಯಾಗಿಯೇ ನೋಡಿತ್ತು. ಹಾಳೆ ಮಾತ್ರ ನಾನು ಹಾಸಿದ್ದು.