ಅತ್ತೆ ಮುಟ್ಟಿ ನೋಡಿದ ಡಬ್ಬಿ

ಕೊಬ್ಬರಿಯ ಕರಟ ಒಡೆದು ಒಡೆದು ನಮ್ಮ ಅತ್ತೆಯ ಬಲಗೈಯ ಗೆಣ್ಣುಗಳು ದಪ್ಪಗಾಗಿದ್ದವು. ಯಾವುದನ್ನೇ ಆಗಲಿ ಅವರು ಮೊದಲು ಮುಟ್ಟುತ್ತಿದ್ದುದು ಆ ಗೆಣ್ಣುಗಳಿಂದ. ಗೇಟು, ನಲ್ಲಿ, ಬಚ್ಚಲ ಹಂಡೆ, ಎಮ್ಮೆಯ ಸರಪಳಿ, ಕಬ್ಬಿಣದ್ದೋ ತಾಮ್ರದ್ದೋ ಏನಿದ್ದರೂ ಕೈ ಮಗುಚಿ ಬೆರಳುಗಳ ಹಿಂಬದಿಯನ್ನು ತಾಗಿಸಿ, ಒಂದು ಕ್ಷಣ ಕಾದು, ಆಮೇಲೆ ಹಿಡಿಯುತ್ತಿದ್ದರು. ಬಸ್ಸು ಹತ್ತುವಾಗಲೂ ಅಷ್ಟೇ. ಹಿಂದೆ ನಿಂತವರು, "ಹತ್ತಮ್ಮೋ, ಬಸ್ಸೇನೂ ಕಚ್ಚಾಕಿಲ್ಲ" ಎಂದು ರೇಗಿಸುತ್ತಿದ್ದರು. ಅತ್ತೆ ತಿರುಗಿಯೂ ನೋಡುತ್ತಿರಲಿಲ್ಲ.

ಮದುವೆಯಾಗಿ ಬಂದ ಹೊಸದರಲ್ಲಿ ನನಗೂ ನಗು ಬರುತ್ತಿತ್ತು. ಕಾರಣ ತಿಳಿದ ದಿನ ನಗು ನಿಂತಿತು. ನಾನು ಆ ಮನೆಗೆ ಬರುವ ಮುಂಚೆಯೇ ಅವರ ಹಿರಿಯ ಮಗ ತೋಟದ ಪಂಪ್ ಮನೆಯಲ್ಲಿ ಸ್ಟಾರ್ಟರ್ ಪೆಟ್ಟಿಗೆ ಹಿಡಿದವನು ಹಾಗೆಯೇ ಹೋಗಿದ್ದ. ಕೈ ಒದ್ದೆಯಿತ್ತಂತೆ. ಅತ್ತೆ ಓಡಿಬಂದು ನೋಡಿದಾಗಲೂ ಅವನ ಅಂಗೈ ಪೆಟ್ಟಿಗೆಯನ್ನು ಬಿಟ್ಟಿರಲಿಲ್ಲ.

"ಅಂಗೈ ಹಿಡ್ಕೊಂಬುಡ್ತದೆ ಕಣೇ, ಬುಡು ಅಂದ್ರೂ ಬುಡಾಕಿಲ್ಲ. ಕೈ ಹಿಂದ್ಲ ಮಗ್ಗುಲು ಎಸೀತದೆ. ಎಸೆದ್ರೆ ಬದುಕ್ತೀಯ" ಎಂದು ನನಗೆ ಹೇಳಿಕೊಟ್ಟರು. ಅಡುಗೆಗಿಂತ ಮೊದಲು ಆ ಮನೆಯಲ್ಲಿ ನಾನು ಕಲಿತದ್ದು ಅದನ್ನೇ.

ಹೆದರಿಕೆ ಅಂಟುರೋಗ. ನಮ್ಮ ಊರಿರುವುದು ಮಾಯಸಂದ್ರದ ಕಡೆ. ತೋಟಗಳಿಗೆ ತ್ರೀ ಫೇಸ್ ಕರೆಂಟು ಬಂದ ಕೂಡಲೇ ಊರಿನ ಮೋಟರುಗಳೆಲ್ಲ ಒಟ್ಟಿಗೆ ಏಳುತ್ತಿದ್ದವು, ಮನೆಯ ಬಲ್ಬು ಕೆಂಪಗೆ ಕುಗ್ಗುತ್ತಿತ್ತು. ಮೋಟರುಗಳು ನಿಂತ ಕೂಡಲೇ ಅದೇ ಬಲ್ಬು ನೋಡಲಾಗದಷ್ಟು ಬೆಳ್ಳಗೆ ಉರಿಯುತ್ತಿತ್ತು. ಆ ಹೊತ್ತಿನಲ್ಲಿ ಅತ್ತೆ ಮಾಡುತ್ತಿದ್ದ ಕೆಲಸ ಬಿಟ್ಟು ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ನಾನೂ ಪಕ್ಕದಲ್ಲಿ ಹಾಗೆಯೇ ಕೂರತೊಡಗಿದ್ದೆ.

ಅಂಥ ಮನೆಗೆ ಕಂಪ್ಯೂಟರು ಬಂತು. ನನಗೆ ಟೈಪಿಂಗ್ ಬರುತ್ತಿತ್ತು. ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ ಮಾಡಿಕೊಡಬಹುದೆಂದು ನನ್ನ ಯಜಮಾನರು ತಿಪಟೂರಿನಲ್ಲಿ ಜೋಡಣೆ ಮಾಡಿಸಿ ತಂದರು. ಬೇಡವೆಂದು ಅತ್ತೆ ಒಂದು ಮಾತೂ ಆಡಲಿಲ್ಲ. ಕಂಪ್ಯೂಟರಿನ ಹೊರಪೆಟ್ಟಿಗೆ, ಆ ಕ್ಯಾಬಿನೆಟ್ಟಿನ ಸುತ್ತ ಒಮ್ಮೆ ಸುತ್ತಿ, "ಇದು ಕಬ್ಬುಣವಾ?" ಎಂದು ಮಾತ್ರ ಕೇಳಿದರು. ಹೌದೆಂದೆ. ಮಾರನೆಯ ದಿನದಿಂದ ಒಂದು ಕಟ್ಟಳೆ ಶುರುವಾಯಿತು. ನನ್ನ ಕಾಲ ಕೆಳಗೆ ಮರದ ಮಣೆ. ನಾನು ಗುಂಡಿ ಒತ್ತುವ ಮೊದಲು, "ತಡಿ, ಮುಟ್ತೀನಿ" ಎಂದು ಅವರು ಬಂದು ಹಿಂಗೈ ತಾಗಿಸಬೇಕು. ಆಮೇಲೆಯೇ ನನ್ನ ಕೆಲಸ.

ಒಂದು ಮಧ್ಯಾಹ್ನ ಮೋಟರುಗಳು ನಿಂತವು, ಬಲ್ಬು ಬೆಳ್ಳಗಾಯಿತು, ಕಂಪ್ಯೂಟರಿನ ಹಿಂಬದಿಯಲ್ಲಿ ಫಟ್ಟೆಂದಿತು. ಸುಟ್ಟ ವಾಸನೆ, ಹೊಗೆ. ನನಗೆ ಕುರ್ಚಿಯಿಂದ ಏಳಲಾಗಲಿಲ್ಲ. ಅತ್ತೆ ಒನಕೆ ತಂದು ಪ್ಲಗ್ಗಿನ ವೈರಿಗೆ ಒಂದು ಬಿಟ್ಟರು. ಪ್ಲಗ್ಗು ಕಿತ್ತು ಮೂಲೆಗೆ ಹಾರಿತು. ಆಮೇಲೆ ಒನಕೆಯನ್ನು ಎದೆಗವುಚಿಕೊಂಡು ಅಲ್ಲೇ ಕುಳಿತರು.

ಸುಟ್ಟಿದ್ದು ಕ್ಯಾಬಿನೆಟ್ಟಿನ ಜೊತೆಗೇ ಬಂದಿದ್ದ ಪವರ್ ಸಪ್ಲೈ ಡಬ್ಬಿ, ಗೋಡೆಯ ಕರೆಂಟನ್ನು ಪಳಗಿಸಿ ಒಳಗೆ ಬಿಡುವಂಥದ್ದು. ಹೊಸದು ತರಲು ತಿಪಟೂರಿಗೆ ಹೊರಟಾಗ, "ನಾನೂ ಬತ್ತೀನಿ" ಎಂದು ಅತ್ತೆ ಸೀರೆ ಬದಲಿಸಿ ನಿಂತರು. ಅಂಗಡಿಯ ಯುವಕ ಎರಡು ಡಬ್ಬಿ ತೆಗೆದಿಟ್ಟ. ಗಾತ್ರ ಒಂದೇ, ಮೇಲಿನ ಚೀಟಿಯಲ್ಲಿದ್ದ ವ್ಯಾಟೂ ಒಂದೇ. ಅತ್ತೆ ಒಂದೊಂದಕ್ಕೂ ಗೆಣ್ಣು ತಾಗಿಸಿ, ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ನಮ್ಮಲ್ಲಿ ತೆಂಗಿನಕಾಯಿಯನ್ನು ವರ್ಷವಿಡೀ ಅಟ್ಟದ ಮೇಲಿಟ್ಟು, ಅಲ್ಲಾಡಿಸಿದಾಗ ಒಳಗೆ ಗಡಗಡ ಎಂದರೆ ಕೊಬ್ಬರಿಯಾಯಿತೆಂದು ಇಳಿಸುತ್ತೇವೆ. ಹಗುರಾದ ಡಬ್ಬಿ ಗಡಗಡ ಎಂದಿತು.

"ಇದೇ ಕೊಡಪ್ಪ, ಚೆನ್ನಾಗಿ ಬಲಿತೈತೆ" ಎಂದರು ಅತ್ತೆ.

ಯುವಕ ನಗು ತಡೆದುಕೊಂಡ. "ಅಮ್ಮ, ಕಾಯಿ ಸದ್ದು ಮಾಡಿದ್ರೆ ಒಳ್ಳೇದು. ಇದು ಸದ್ದು ಮಾಡಿದ್ರೆ ಒಳಗೆ ಏನೋ ಕಿತ್ತೋಗಿದೆ ಅಂತ. ಚೀಟಿ ಯಾರು ಬೇಕಾದ್ರೂ ಅಂಟಿಸ್ತಾರೆ, ನೀವು ತೂಕ ನೋಡಿ. ತಾಮ್ರ ಸರಿಯಾಗಿ ಹಾಕಿದ್ರೆ, ಕಾವು ಎಳ್ಕೊಳ್ಳೋ ಅಲ್ಯೂಮಿನಿಯಂ ಹಾಕಿದ್ರೆ ತೂಕ ಬಂದೇ ಬರುತ್ತೆ. ವೈರು ನೋಡಿ, ಅದರದ್ದು ದಾರ, ಇದರದ್ದು ಹಗ್ಗ." ಡಬ್ಬಿಯ ಜಾಲರಿಯೊಳಗೆ ಟಾರ್ಚು ಬಿಟ್ಟು ತೋರಿಸಿದ. ಹಗುರಾದುದರಲ್ಲಿ ಅರ್ಧ ಜಾಗ ಖಾಲಿ ಬಿದ್ದಿತ್ತು. "ಕೆಟ್ಟ ಡಬ್ಬಿ ಒಂದೇ ಸಾಯಲ್ಲ ಅಮ್ಮ, ಬೋರ್ಡು ಡಿಸ್ಕು ಎಲ್ಲಾನೂ ಜೊತೆಗೆ ಕರ್ಕೊಂಡು ಹೋಗುತ್ತೆ. ಒಳ್ಳೇದಾದ್ರೆ ತಾನು ಸತ್ತು ಮಿಕ್ಕಿದ್ದನ್ನ ಉಳಿಸುತ್ತೆ."

ಅತ್ತೆಯ ಮುಖ ಬಿಗಿಯಿತು. "ಮುಟ್ದೋರು?" ಎಂದರು.

"ಮೂರನೇ ಪಿನ್ನಿಗೆ ಅರ್ಥ್ ಸರಿಯಿದ್ರೆ ಮುಟ್ಟಿದವರಿಗೂ ಏನೂ ಆಗಲ್ಲ. ಸೋರಿದ ಕರೆಂಟು ನೆಲಕ್ಕೆ ಹೋಗುತ್ತೆ."

ತೂಕದ ಡಬ್ಬಿಯನ್ನೇ ಕೊಂಡೆವು. ಊರು ಬರುವ ತನಕ ಅತ್ತೆ ಅದನ್ನು ಮಡಿಲಿಂದ ಇಳಿಸಲಿಲ್ಲ.

ಮನೆಗೆ ಬಂದು ಗೋಡೆಯ ಸಾಕೆಟ್ಟು ಬಿಚ್ಚಿದರೆ ಮೂರನೆಯ ತೂತಿನ ಹಿಂದೆ ವೈರೇ ಇಲ್ಲ. ನನ್ನ ಯಜಮಾನರು ಊರಿನವರೆಲ್ಲ ಮಾಡುವ ಉಪಾಯವನ್ನೇ ಮಾಡಿದರು. ನೆಲದಾಳಕ್ಕೆ ಇಳಿದ ಕಬ್ಬಿಣ ಬೇಕು, ಹಿತ್ತಿಲ ಬೋರ್‌ವೆಲ್ಲಿನ ಕೇಸಿಂಗ್ ಪೈಪಿಗಿಂತ ಆಳ ಇನ್ಯಾವುದಿದೆ ಎಂದು ಆ ಪೈಪಿಗೇ ವೈರು ಸುತ್ತಿ ತಂದು ಸಾಕೆಟ್ಟಿಗೆ ಕೊಟ್ಟರು. ಅತ್ತೆ ಬಾಗಿಲಲ್ಲಿ ನಿಂತು, "ಮೋಟ್ರು ಸಾವಾಸ ಬ್ಯಾಡ ಕಣ್ಲಾ" ಎಂದರು. "ಅವ್ವ, ಮೋಟ್ರಿಗಲ್ಲ, ಪೈಪಿಗೆ" ಎಂದರು ಇವರು. ನನಗೂ ಇವರ ಮಾತೇ ಸರಿಯೆನಿಸಿತ್ತು.

ಚಳಿಗಾಲದ ಒಂದು ಬೆಳಿಗ್ಗೆ. ನೆಲ ಒರೆಸಿದ್ದೆ, ಇನ್ನೂ ಆರಿರಲಿಲ್ಲ. ತ್ರೀ ಫೇಸ್ ಬಂತು, ಬೋರ್‌ವೆಲ್ಲಿನ ಮೋಟರು ತಾನಾಗಿ ಶುರುವಾಯಿತು, ಬಲ್ಬು ಕುಗ್ಗಿತು. ಪ್ರಶ್ನೆಪತ್ರಿಕೆಯ ಅವಸರವಿತ್ತು. ಮಣೆಯ ಮೇಲೊಂದು ಕಾಲು, ಒದ್ದೆ ನೆಲದ ಮೇಲೊಂದು ಕಾಲು ಇಟ್ಟು ಕ್ಯಾಬಿನೆಟ್ಟನ್ನು ಎಳೆದುಕೊಳ್ಳಲು ಕೈ ಚಾಚಿದ್ದೆ. ಅಂಗೈ ಚಾಚಿದ್ದೆ.

"ತಡಿ" ಎಂದರು ಅತ್ತೆ. ನನ್ನನ್ನು ಸರಿಸಿ, ಬರಿಗಾಲಲ್ಲಿ ನಿಂತು, ಕೈ ಮಗುಚಿ ಮುಟ್ಟಿದರು.

ಕೈ ಎಗರಿ ಗೋಡೆಗೆ ಬಡಿಯಿತು, ಅವರು ಹಿಂದಕ್ಕೆ ಬಿದ್ದರು. ಕಣ್ಣು ತೆರೆದೇ ಇದ್ದವು. ಹಿರಿಯ ಮಗನ ಕಣ್ಣುಗಳೂ ಹೀಗೆಯೇ ತೆರೆದಿದ್ದವೇ ಎನಿಸಿತು. ಅವರನ್ನು ಮುಟ್ಟಲೂ ಭಯ, ಬಿಡಲೂ ಭಯ. ಅಷ್ಟರಲ್ಲಿ ಅವರ ತುಟಿ ಅಲುಗಿತು. "ಮುಟ್ಬ್ಯಾಡ ಕಣೇ" ಎಂದರು. ನರಳಾಟವಲ್ಲ, ಅವರು ಆಡಿದ ಮೊದಲ ಮಾತೇ ಅದು.

ನಾನು ಜಗಲಿಗೆ ಓಡಿ ಮೇನ್ ಸ್ವಿಚ್ ಇಳಿಸಿ ಇವರನ್ನು ಕೂಗಿದೆ. ಇವರು ಬಂದು ಕ್ಯಾಬಿನೆಟ್ಟಿಗೆ ಟೆಸ್ಟರು ಇಟ್ಟರು. ಅದರ ಪುಟ್ಟ ದೀಪ ಕೆಂಪಗೆ ಉರಿಯಿತು. ಮನೆಗೇ ಕರೆಂಟಿಲ್ಲ, ಕ್ಯಾಬಿನೆಟ್ಟಿನಲ್ಲಿ ಕರೆಂಟಿದೆ. ನನ್ನ ಜನ್ಮದಲ್ಲಿ ಅಷ್ಟು ಹೆದರಿದ್ದು ಇನ್ನೊಮ್ಮೆ ಇಲ್ಲ. ಇವರು ಅರ್ಥ್ ವೈರಿನ ಮೇಲೆ ಕಣ್ಣು ನೆಟ್ಟು ನಿಂತರು. ಆಮೇಲೆ ಹಿತ್ತಿಲಿಗೆ ಹೋಗಿ ಬೇರೆ ಮೀಟರಿನಿಂದ ಇನ್ನೂ ಓಡುತ್ತಿದ್ದ ಬೋರಿನ ಮೋಟರನ್ನು ನಿಲ್ಲಿಸಿದರು. ದೀಪ ಆರಿತು.

ಬೋರಿನೊಳಗೆ ಮೋಟರಿನ ಕೇಬಲ್ಲು ಪೈಪಿಗೆ ಉಜ್ಜಿ ಉಜ್ಜಿ ತೊಗಟೆ ಕಿತ್ತುಹೋಗಿತ್ತು. ಆ ಕರೆಂಟು ಪೈಪಿಗೆ ಇಳಿದು, ನಮ್ಮನ್ನು ಕಾಯಲೆಂದು ಸುತ್ತಿದ ವೈರಿನಲ್ಲೇ ಮನೆಯೊಳಗೆ ನಡೆದು ಬಂದಿತ್ತು. ತಿಪಟೂರಿನ ಡಬ್ಬಿಯ ತಪ್ಪೇನೂ ಇರಲಿಲ್ಲ.

ಅತ್ತೆಯ ಎರಡು ಗೆಣ್ಣು ಸುಟ್ಟಿದ್ದವು, ಮಣಿಕಟ್ಟು ಉಳುಕಿತ್ತು. ಸಂಜೆ ಅರಿಶಿನ ಹಚ್ಚುತ್ತಾ, ಅಷ್ಟು ದಿನ ಕೇಳದಿದ್ದುದನ್ನು ಕೇಳಿದೆ. "ನಂಗೆ ಮಣೆ ಹಾಕಿ ನೀವ್ಯಾಕೆ ದಿನಾ ಬರೀ ನೆಲದ ಮೇಲೆ ನಿಲ್ತಿದ್ರಿ?"

"ಮಣೆ ಮ್ಯಾಲೆ ನಿಂತ್ರೆ ಗೊತ್ತಾಗಾಕಿಲ್ವಲ್ಲೇ. ಯಾರ್ಗಾದ್ರೂ ಒಬ್ರಿಗೆ ಗೊತ್ತಾಗ್ಬೇಕಲ್ಲ."

ಕರೆಂಟಿಗೆ ಅಷ್ಟು ಹೆದರುತ್ತಿದ್ದ ಜೀವ, ದಿನಾ ಬೆಳಿಗ್ಗೆ ಆ ಹೆದರಿಕೆಯನ್ನೇ ಕೈಯಲ್ಲಿ ಹಿಡಿದು ನನ್ನ ಮುಂದೆ ಬಂದು ನಿಲ್ಲುತ್ತಿತ್ತು.

ಬೋರಿನಿಂದ ದೂರದಲ್ಲಿ ಬೇರೆಯೇ ಗುಂಡಿ ತೋಡಿಸಿ, ಉಪ್ಪು, ನಮ್ಮದೇ ಕರಟದ ಇದ್ದಿಲು ತುಂಬಿ ಅರ್ಥ್ ಮಾಡಿಸಿದೆವು. ದಿನಾ ಅದಕ್ಕೆ ಒಂದು ಚೊಂಬು ನೀರು ಹಾಕುವುದು ಅತ್ತೆಯ ಕೆಲಸವಾಯಿತು. ಆದರೂ "ತಡಿ, ಮುಟ್ತೀನಿ" ನಿಲ್ಲಲಿಲ್ಲ. ಬೇಡವೆಂದು ಎಷ್ಟು ಜಗಳವಾಡಿದರೂ ಕೇಳಲಿಲ್ಲ.

ಕೆಲವು ವರ್ಷಗಳ ನಂತರ ಎದೆಯಲ್ಲಿ ಕಫ ಕಟ್ಟಿ ಹಾಸಿಗೆ ಹಿಡಿದರು. ಕಬ್ಬಿಣದ ಮಂಚ. ಕೊನೆಯ ದಿನ ಪಕ್ಕದಲ್ಲಿ ಕೂರಲು ಹೋದಾಗ ನನ್ನ ಕೈ ತಾನಾಗಿ ಮಗುಚಿ ಮಂಚದ ಸರಳಿಗೆ ಹಿಂಬದಿ ತಾಗಿಸಿತು. ಅವರು ಅದನ್ನು ಕಂಡು ನಕ್ಕರು. "ಬಾ, ಏನೂ ಇಲ್ಲ" ಎಂದು ಅಂಗೈ ತೆರೆದು ನನ್ನ ಅಂಗೈಯನ್ನು ಹಿಡಿದುಕೊಂಡರು. ಅಷ್ಟು ವರ್ಷಗಳಲ್ಲಿ ಅವರು ಏನನ್ನಾದರೂ ಮೊದಲೇ ಅಂಗೈಯಲ್ಲಿ ಹಿಡಿದದ್ದನ್ನು ನಾನು ಕಂಡಿರಲಿಲ್ಲ.

ಉಸಿರು ನಿಂತ ಮೇಲೂ ಆ ಹಿಡಿತ ಸಡಿಲಲಿಲ್ಲ. ನೆರೆಯ ಹೆಂಗಸರು ಬೆರಳು ಬಿಡಿಸಲು ಬಂದರು. "ತಡೀರಿ" ಎಂದೆ.